ಏರಿನಲ್ಲಿ ಎಂಜಿನ್ ಕಟಕಟ ಅಂದರೆ ಹೆಡ್ ಬಿಚ್ಚಿಸಬೇಡಿ

ಹಳೇ ಮಾರುತಿ 800 ಅಥವಾ ಪದ್ಮಿನಿ ಏರಿನಲ್ಲಿ ಕಟಕಟ ಅಂದ ಕೂಡಲೇ ಟ್ಯಾಪೆಟ್ (ವಾಲ್ವ್ ತೆರೆಸುವ ಭಾಗ) ಸೆಟ್ ಮಾಡಿಸುವವರೇ ಜಾಸ್ತಿ. ಸದ್ದು ಹೋಗುವುದಿಲ್ಲ. ಆಮೇಲೆ ಹೆಡ್, ಅಂದರೆ ಎಂಜಿನ್ನಿನ ಮೇಲ್ಭಾಗ, ಬಿಚ್ಚಿಸುತ್ತಾರೆ. ಪ್ಲಗ್ ಹಚ್ಚಿದ ಬೆಂಕಿ ಮುಟ್ಟುವ ಮೊದಲೇ ಸಿಲಿಂಡರಿನ ಮೂಲೆಯ ಪೆಟ್ರೋಲ್-ಗಾಳಿ ತಾನೇ ಸಿಡಿದರೂ ಈ ಸದ್ದು ಬರುತ್ತದೆ, ಅದೇ ನಾಕಿಂಗ್. ಕಾರಣ ಎಷ್ಟೋ ಸಲ ಹೊರಗೇ ಸಿಗುತ್ತದೆ.

ಮೊದಲು ಸದ್ದು ಯಾವುದು ಅಂತ ತಿಳಿಯಿರಿ. ಎಲ್ಲರೂ ಎಡವುವುದು ಇಲ್ಲೇ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ತುಮಕೂರಿನವರಿಗೆ ದೇವರಾಯನದುರ್ಗದ ಏರು ಇದ್ದೇ ಇದೆ, ಗಾಡಿ ಕಮ್ಮಿ ಓಡಾಡುವ ಹೊತ್ತಿನಲ್ಲಿ ಹೋಗಿ. ಹಾಡು ನಿಲ್ಲಿಸಿ, ಕಿಟಕಿ ಇಳಿಸಿ. ತಿರುವಿಲ್ಲದ ಕಡೆ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಮೆಲ್ಲಗೆ ಒತ್ತಿ. ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಬಂತಾ? ಕಾಲು ತೆಗೆಯಿರಿ. ತಕ್ಷಣ ನಿಂತರೆ, ಎರಡನೇ ಗೇರಿಗೆ ಇಳಿಸಿದಾಗಲೂ ಕಮ್ಮಿಯಾದರೆ ಅದು ನಾಕಿಂಗ್. ನಿಂತ ಗಾಡಿಯಲ್ಲೂ ಟಿಕ್ ಟಿಕ್ ಅನ್ನುತ್ತಿದ್ದರೆ ಟ್ಯಾಪೆಟ್. ಸೈಲೆನ್ಸರ್ ಹತ್ತಿರದ ತಗಡು ಸಡಿಲವಾದರೂ ಹೀಗೇ ಮೋಸ ಮಾಡುತ್ತದೆ, ತಣ್ಣಗಿರುವಾಗ ಅಲ್ಲಾಡಿಸಿ ನೋಡಿ. ಐದು ಜನರನ್ನು ಕೂರಿಸಿ ನಾಲ್ಕನೇ ಗೇರಿನಲ್ಲಿ ಎಳೆಸಿದರೆ ಯಾವ ಎಂಜಿನ್ ಸುಮ್ನಿರುತ್ತದೆ ಹೇಳಿ?

ಎಂಜಿನ್ ಅತಿಯಾಗಿ ಬಿಸಿಯೇರಿದರೂ, ತಪ್ಪು ಪ್ಲಗ್ ಹಾಕಿದ್ದರೂ ನಾಕಿಂಗ್ ಬರಬಹುದು, ಹಾಗಾಗಿ ಕೂಲಂಟ್, ಫ್ಯಾನ್, ಪ್ಲಗ್ ನಂಬರ್ ನೋಡಿಕೊಳ್ಳಿ.

ಇನ್ನು ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರಿಸುವ ಹೊತ್ತು. ಕಿವಿಯಲ್ಲೇ ಸೆಟ್ ಮಾಡ್ತೀನಿ ಅನ್ನುವ ಮೆಕ್ಯಾನಿಕ್‌ಗೆ ಕೈಮುಗಿದು ಬನ್ನಿ. ಕಿಡಿ ಹಾರಿದಾಗೆಲ್ಲ ಮಿನುಗುವ ಟೈಮಿಂಗ್ ಲೈಟ್ ಇರಲೇಬೇಕು. ಅದರ ಕ್ಲಿಪ್ಪನ್ನು ಒಂದನೇ ಸಿಲಿಂಡರಿನ ಪ್ಲಗ್ ವೈರಿಗೆ ಹಾಕಿ, ಎಂಜಿನ್ ಐಡಲ್‌ನಲ್ಲಿರುವಾಗ ಅದರ ಟೈಮಿಂಗ್ ಗುರುತಿನ ಮೇಲೆ ಬೆಳಕು ಬಿಡಿ. ಫ್ಯಾನ್, ಬೆಲ್ಟ್ ಕಡೆ ಕೈ ಹೋಗದಿರಲಿ. ಎಷ್ಟು ಡಿಗ್ರಿ ಇರಬೇಕು, ವ್ಯಾಕ್ಯೂಮ್ ಪೈಪ್ ಕಳಚಿ ಮುಚ್ಚಬೇಕಾ ಅನ್ನುವುದಕ್ಕೆ ಆ ಮಾಡೆಲ್‌ನ ಮ್ಯಾನ್ಯುಯಲ್ಲೇ ಗತಿ. ಅಡ್ವಾನ್ಸ್ ಜಾಸ್ತಿ ಇದ್ದರೆ, ಅಂದರೆ ಕಿಡಿ ತೀರಾ ಬೇಗ ಹಾರುತ್ತಿದ್ದರೆ, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸ್ವಲ್ಪ ಸಡಿಲಿಸಿ, ಒಳಗಿನ ರೋಟರ್ ತಿರುಗುವ ದಿಕ್ಕಿಗೇ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ. ಬೋಲ್ಟ್ ಬಿಗಿ ಮಾಡುವಾಗ ಅದು ಮತ್ತೆ ಸರಿಯುತ್ತದೆ, ಹಾಗಾಗಿ ಇನ್ನೊಮ್ಮೆ ಬೆಳಕು ಬಿಟ್ಟು ನೋಡಿ. ಸದ್ದೇ ಬರಬಾರದು ಅಂತ ಕಿಡಿಯನ್ನು ತೀರಾ ರಿಟಾರ್ಡ್ (ತಡ) ಮಾಡಿದರೆ ಪಿಕಪ್ ಸಾಯುತ್ತದೆ, ಎಂಜಿನ್ ಬಿಸಿಯೇರುತ್ತದೆ.

ಆಕ್ಟೇನ್ ಅಂದರೆ ನಾಕಿಂಗ್ ತಡೆಯುವ ಪೆಟ್ರೋಲಿನ ಗುಣ, ಅದನ್ನು ಏರಿಸುವ ಬೂಸ್ಟರ್ ಬಾಟಲಿಗೆ ದುಡ್ಡು ಸುರಿಯಬೇಡಿ. ಪೆಟ್ರೋಲಿಗೆ ಬೆರೆಸುವ ಎಥನಾಲ್‌ದೇ ಎಲ್ಲಾ ತಪ್ಪು ಅನ್ನುವುದೂ ಪೂರ್ತಿ ನಿಜವಲ್ಲ. ಎಥನಾಲ್‌ಗೆ ಆಕ್ಟೇನ್ ಜಾಸ್ತಿ, ಅದು ನಾಕಿಂಗ್ ತಡೆಯುತ್ತದೆ. ಆದರೆ ಹಳೇ ಕಾರ್ಬ್ಯುರೇಟರಿನಲ್ಲಿ ಅದರಿಂದ ಮಿಕ್ಸ್ಚರ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಮ್ಮಿಯಾಗುತ್ತದೆ, ಆಗ ನಾಕಿಂಗ್ ಬರಬಹುದು. ಟೈಮಿಂಗ್ ಸರಿಯಿದ್ದೂ ಸದ್ದು ಉಳಿದರೆ ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತು) ಕಟ್ಟಿಕೊಂಡಿದೆಯಾ, ಅಲ್ಲಿಂದ ಎಂಜಿನ್ನಿಗೆ ಪೆಟ್ರೋಲ್-ಗಾಳಿ ಒಯ್ಯುವ ಮ್ಯಾನಿಫೋಲ್ಡ್‌ನಲ್ಲಿ ಗಾಳಿ ಲೀಕ್ ಇದೆಯಾ ನೋಡಿಸಿ. ಆಮೇಲೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್. ರೀಡಿಂಗ್ ಮ್ಯಾನ್ಯುಯಲ್‌ನಲ್ಲಿ ಇರುವುದಕ್ಕಿಂತ ಜಾಸ್ತಿ ಬಂದರೆ ಒಳಗೆ ಕಾರ್ಬನ್ ಕೂತಿರಬಹುದು. ಹೆಡ್ ಬಿಚ್ಚಿಸುವ ಮಾತು ಆಗ.