ಬೊಜ್ಜು ಫ್ರೀಜ್ ಮಾಡಿಸೋಕೆ ಹೋಗುವ ಮುಂಚೆ

ಹುಬ್ಬಳ್ಳಿಯ ಗಿರ್ಮಿಟ್, ಮಿರ್ಚಿ ತಿಂದು ಬೆಳೆಸಿದ ಹೊಟ್ಟೆಯನ್ನು ಮಷೀನ್ ಕರಗಿಸುತ್ತದೆ ಅಂದುಕೊಂಡಿದ್ದರೆ ಸ್ವಲ್ಪ ತಡೆಯಿರಿ. ಚರ್ಮದ ಕೆಳಗಿನ ಬೊಜ್ಜನ್ನು ಮಷೀನ್‌ನಿಂದ ತಣ್ಣಗಾಗಿಸಿ ಕೊಬ್ಬಿನ ಕಣಗಳನ್ನು ಸಾಯಿಸುವ ಈ ಕ್ರಯೋಲಿಪೊಲಿಸಿಸ್ ತೂಕ ಇಳಿಸುವ ಚಿಕಿತ್ಸೆ ಅಲ್ಲ.

ಮೊದಲು ಹೊಟ್ಟೆ ಚಿವುಟಿ ನೋಡಿ. ಬೆರಳಿಗೆ ಮೆತ್ತಗೆ ಸಿಕ್ಕರೆ ಸರಿ. ಗಟ್ಟಿಯಾಗಿ ಮುಂದೆ ಬಂದಿದ್ದರೆ ಕೊಬ್ಬು ಒಳಗೆ ಕರುಳಿನ ಸುತ್ತ ಕೂತಿದೆ ಅಂತ, ಅಲ್ಲಿಗೆ ಈ ತಂಪು ಮುಟ್ಟುವುದಿಲ್ಲ, ಅದಕ್ಕೆ ಬೆಳಿಗ್ಗೆ ಉಣಕಲ್ ಕೆರೆ ದಂಡೆ ಮೇಲೆ ನಡೆಯುವುದೇ ವಾಸಿ.

ಬ್ಯೂಟಿ ಪಾರ್ಲರ್ ಬೇಡ, ಚರ್ಮದ ಡಾಕ್ಟರ್ ಹತ್ತಿರವೇ ಹೋಗಿ. ಹರ್ನಿಯಾ ಇದ್ದರೆ, ತಣ್ಣೀರು ತಾಗಿದರೆ ಮೈಮೇಲೆ ದದ್ದು ಏಳುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಮುಚ್ಚಿಡದೆ ಹೇಳಿ. ಮಷೀನ್ ಯಾವುದು ಅಂತಲೂ ಕೇಳಿ. ಔಷಧ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಈ ಚಿಕಿತ್ಸೆಯ ಅಸಲಿ ಮಷೀನ್‌ಗೆ 2010ರಲ್ಲಿ ಸೊಂಟದ ಬದಿಗೆ, 2012ರಲ್ಲಿ ಹೊಟ್ಟೆಗೆ ಒಪ್ಪಿಗೆ ಕೊಟ್ಟಿತು. ನಕಲಿ ಮಷೀನ್‌ನಿಂದ ಚರ್ಮ ಸುಡಬಹುದು.

ಜೆಲ್ ಪ್ಯಾಡ್ ಹಾಕಿ, ಕಪ್ ಇಟ್ಟು ಬೊಜ್ಜನ್ನು ಎಳೆದುಕೊಳ್ಳುತ್ತಾರೆ. ಮೊದಲ ಹತ್ತು ನಿಮಿಷ ಚುರುಗುಟ್ಟುತ್ತದೆ, ಆಮೇಲೆ ಜೋಮು. ಒಂದು ಜಾಗಕ್ಕೆ 35ರಿಂದ 60 ನಿಮಿಷ, ಮೊಬೈಲ್ ನೋಡುತ್ತಾ ಕೂರಬಹುದು. ಕೊನೆಗೆ ಮಸಾಜ್ ಮಾಡುತ್ತಾರಲ್ಲ, ನೋವು ಅಲ್ಲೇ ಜಾಸ್ತಿ!

ಸತ್ತ ಕೊಬ್ಬಿನ ಕಣಗಳನ್ನು ದೇಹ ನಿಧಾನವಾಗಿ ಹೊರಹಾಕುತ್ತದೆ. ಫಲ ಕಾಣಲು ಒಂದರಿಂದ ಮೂರು ತಿಂಗಳು ಬೇಕು, ಅದೂ ಆ ಜಾಗದ ಕೊಬ್ಬಿನಲ್ಲಿ ಸುಮಾರು 20–25% ಅಷ್ಟೇ. ಹಾಗಾಗಿ ಮೊದಲೇ ಒಂದು ಫೋಟೋ ತೆಗೆದಿಡಿ. ಅಪರೂಪಕ್ಕೆ ಬೊಜ್ಜು ಕರಗುವ ಬದಲು ಗಟ್ಟಿಯಾಗಿ ಬೆಳೆಯುವುದೂ ಉಂಟು, ಆಗ ಹೆಚ್ಚಾಗಿ ಆಪರೇಷನ್ನೇ ಬೇಕಾಗುತ್ತದೆ. ದುಡ್ಡು ಕಟ್ಟುವ ಮುಂಚೆ ಇದನ್ನು ಡಾಕ್ಟರ್ ಬಾಯಿಂದಲೇ ಕೇಳಿಸಿಕೊಳ್ಳಿ.