ಆಯಿಲ್ ಕ್ಯಾಪಿನ ಹೊಗೆ ನೋಡಿ ಎಂಜಿನ್ ಬಿಚ್ಚಬೇಡಿ

ಲಾರಿ ಸ್ವಲ್ಪ ಹಳೆಯದಾದರೆ ಸಾಕು, ನೋಡಲು ಬಂದವರೆಲ್ಲ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಕ್ಯಾಪ್ ತೆಗೆದು ಬಗ್ಗಿ ನೋಡುತ್ತಾರೆ. ಹೊಗೆ ಕಂಡಿತೋ, ‘ಬ್ಯಾಕ್ ಕಂಪ್ರೆಷನ್ ಬಂದಿದೆ, ಬೋರ್ ಮಾಡಿಸಬೇಕು’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಅಂದರೆ ರಿಂಗ್ ಸವೆದು ಉರಿದ ಅನಿಲ ಕೆಳಗಿಳಿಯುತ್ತಿದೆ, ಎಂಜಿನ್ ಬಿಚ್ಚಿ ಸಿಲಿಂಡರ್ ಕೊರೆಸಬೇಕು ಎಂದರ್ಥ. ಗೋಣಿಕೊಪ್ಪದಲ್ಲಿ ಡೀಸೆಲ್ ಗಾಡಿಗಳ ಕೆಲಸ ಮಾಡುವ ನನಗೆ ಈ ತೀರ್ಪಿನ ಮೇಲೆ ಮೊದಲಿನಿಂದಲೂ ತಕರಾರು. ಪಿಸ್ಟನ್ ಸುತ್ತಲಿನ ರಿಂಗ್ ಎಷ್ಟೇ ಹೊಸದಿರಲಿ, ಉರಿದ ಅನಿಲ ಸ್ವಲ್ಪ ಪಿಸ್ಟನ್ ಪಕ್ಕದಿಂದ ಕೆಳಗೆ ನುಸುಳಿಯೇ ನುಸುಳುತ್ತದೆ. ಅದು ಹೊರಹೋಗಲೆಂದೇ ಬ್ರೀದರ್ ಇರುವುದು. ಎಷ್ಟು ನುಸುಳುತ್ತಿದೆ, ಎಲ್ಲಿಂದ ನುಸುಳುತ್ತಿದೆ ಎನ್ನುವುದನ್ನು ಕಣ್ಣಳತೆಯಲ್ಲಿ ಹೇಳಲಾಗದು.

ಕಳೆದ ಕಾಫಿ ಕೊಯ್ಲಿನ ಸಮಯದಲ್ಲಿ ಪೊನ್ನಂಪೇಟೆ ಕಡೆಯ ಒಂದು ಲಾರಿ ಬಂತು. ಆರು ಸಿಲಿಂಡರ್, ಟರ್ಬೊ, ಹಳೆಯ ಇನ್‌ಲೈನ್ ಪಂಪ್. ಮೀಟರ್ ಆರು ಲಕ್ಷ ಕಿಲೋಮೀಟರ್ ದಾಟಿತ್ತು. ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ಗೆ ಕಾಫಿ ಚೀಲ, ಕೊಯ್ಲು ಇಲ್ಲದ ದಿನಗಳಲ್ಲಿ ಮಾಕುಟ್ಟದ ದಾರಿಯಲ್ಲಿ ಕೇರಳದಿಂದ ಕೆಂಪು ಕಲ್ಲು. ಮಾಲೀಕರೇ ಡ್ರೈವರ್. ಅವರ ದೂರು ಹೊಗೆಯದ್ದಾಗಿರಲಿಲ್ಲ, ಕ್ಲಚ್‌ನದ್ದು: ಏರಿನಲ್ಲಿ ಜಾರುತ್ತಿತ್ತು. ಎಂಜಿನ್ ಹಿಂಭಾಗದ ಆಯಿಲ್ ಸೀಲ್ ಸೋರಿ ಕ್ಲಚ್ ಪ್ಲೇಟ್ ನೆನೆದಿತ್ತು. ಬೇರೊಂದು ಕಡೆ ಹೊಸ ಸೀಲ್ ಹಾಕಿಸಿದ್ದರು, ಮತ್ತೆ ಸೋರಿತ್ತು. ಬೋರ್ ಮಾಡಿಸಬೇಕೆಂದು ಲೆಕ್ಕದ ಚೀಟಿಯನ್ನೂ ಯಾರೋ ಬರೆದುಕೊಟ್ಟಿದ್ದರು.

‘ಮೇಸ್ತ್ರಿ, ಸೀಲ್ ಡೂಪ್ಲಿಕೇಟ್ ಇರಬಹುದೇ?’ ಎಂದರು.

‘ಸೀಲ್ ಬಿಡಿ ಅಣ್ಣ, ಒಳಗೆ ಗಾಳಿ ಎಷ್ಟಿದೆ ನೋಡೋಣ’ ಎಂದೆ.

ಹೊಸ ಸೀಲ್ ಕೂಡ ಸೋರುತ್ತಿದ್ದರೆ ಎಂಜಿನ್ನಿನ ಕೆಳಗಿನ ಕೋಣೆಯಾದ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರಿದೆಯೇ ಎಂದು ನೋಡಲೇಬೇಕು. ದಾರಿ ಸಿಗದ ಗಾಳಿ ಡಿಪ್‌ಸ್ಟಿಕ್ಕಿನಿಂದ, ಟ್ಯಾಪೆಟ್ ಕವರಿನ ಪ್ಯಾಕಿಂಗಿನಿಂದ, ಸೀಲಿನ ಬಾಯಿಂದ ಎಣ್ಣೆಯನ್ನು ತಳ್ಳಿಕೊಂಡು ಬರುತ್ತದೆ. ಮೊದಲು ಬ್ರೀದರ್ ಪೈಪ್ ಬಿಚ್ಚಿದೆ. ಒಳಗೆ ಕಪ್ಪು ಜಿಡ್ಡು ಇತ್ತು, ಆದರೆ ಕಟ್ಟಿಕೊಂಡಿರಲಿಲ್ಲ. ನಮ್ಮಲ್ಲಿ ಮಳೆಗಾಲವಿಡೀ ನಿಂತ ಗಾಡಿಯಾದರೆ ಪೈಪಿನ ತುದಿಯನ್ನು ಇನ್ನೂ ಗಮನಿಸಿ ನೋಡಬೇಕು, ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿ ಮುಚ್ಚಿರುತ್ತದೆ. ಮಳೆಗಾಲದ ಇನ್ನೊಂದು ಮಾತು: ಕ್ಯಾಪಿನ ಒಳಗೆ ಬೆಣ್ಣೆಯಂಥ ಬಿಳಿ ಪದರ ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಗಾಬರಿಯಾಗಬೇಡಿ. ತೋಟದೊಳಗೇ ಸ್ವಲ್ಪ ಸ್ವಲ್ಪ ಓಡಿ, ಎಂಜಿನ್ ಪೂರ್ತಿ ಬಿಸಿಯಾಗದ ಗಾಡಿಗಳಲ್ಲಿ ಉರಿದ ಅನಿಲದ ಮತ್ತು ಗಾಳಿಯ ತೇವವೇ ಎಣ್ಣೆಗೆ ಸೇರಿ ಹಾಗಾಗುತ್ತದೆ. ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಮಾತ್ರ ಆ ದಿಕ್ಕಿನಲ್ಲಿ ಯೋಚಿಸಬೇಕು.

ಅಳೆಯಲು ನಾನು ಬಳಸುವುದು ಗಾರೆ ಕೆಲಸದವರ ಲೆವೆಲ್ ಪೈಪ್. ಪಾರದರ್ಶಕ ಪೈಪನ್ನು ಒಂದು ಹಲಗೆಯ ಮೇಲೆ ಯು ಆಕಾರಕ್ಕೆ ಬಗ್ಗಿಸಿ, ನಡುವೆ ಅಳತೆಪಟ್ಟಿ ಅಂಟಿಸಿ, ಅರ್ಧದವರೆಗೆ ನೀರು ತುಂಬಿದ್ದೇನೆ. ನೀರಿಗೆ ಬಣ್ಣ ಬೇಕು. ನನ್ನ ಹುಡುಗರು ಡಿಕಾಕ್ಷನ್ ಹಾಕುತ್ತಾರೆ, ಕೊಡಗಿನಲ್ಲಿ ಅದಕ್ಕೇನು ಬರ. ಹಳೆಯ ಆಯಿಲ್ ಕ್ಯಾಪೊಂದಕ್ಕೆ ರಂಧ್ರ ಕೊರೆದು ನಿಪ್ಪಲ್ ಬೆಸುಗೆ ಹಾಕಿಸಿ, ಪೈಪಿನ ಒಂದು ತುದಿಯನ್ನು ಅದಕ್ಕೆ ಸಿಕ್ಕಿಸುತ್ತೇನೆ. ಇನ್ನೊಂದು ತುದಿ ಗಾಳಿಗೆ ತೆರೆದಿರುತ್ತದೆ. ನಿಪ್ಪಲ್ಲಿನ ರಂಧ್ರ ಸೂಜಿ ದಪ್ಪಕ್ಕಿಂತ ದೊಡ್ಡದಾಗಬಾರದು, ದೊಡ್ಡದಾದರೆ ನೀರು ಕುಣಿದು ಲೆಕ್ಕ ಸಿಗುವುದಿಲ್ಲ. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವೇ ಒತ್ತಡ. 100 ಮಿಲಿಮೀಟರ್ ಎಂದರೆ ಹತ್ತಿರ ಹತ್ತಿರ 10 ಮಿಲಿಬಾರ್. ಮಿತಿ ಎಂಜಿನ್‌ನಿಂದ ಎಂಜಿನ್‌ಗೆ ಬೇರೆ, ಬ್ರೀದರ್ ಹೇಗಿದೆ ಎನ್ನುವುದರ ಮೇಲೂ ಹೋಗುತ್ತದೆ. ಆದ್ದರಿಂದ ಬರಿಯ ಅಂಕಿಗಿಂತ, ಏನು ಮಾಡಿದಾಗ ನೀರು ಏರಿತು, ಏನು ಮಾಡಿದಾಗ ಇಳಿಯಿತು ಎನ್ನುವುದನ್ನೇ ನಾನು ಹೆಚ್ಚು ನಂಬುತ್ತೇನೆ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಅರ್ಧ ಆಕ್ಸಿಲರೇಟರಿನಲ್ಲಿ ನಿಲ್ಲಿಸಿ ನೋಡಿದೆ. ವ್ಯತ್ಯಾಸ 90 ಮಿಲಿಮೀಟರ್ ಆಸುಪಾಸು. ನಿಂತ ಗಾಡಿಗೆ ಇದು ಜಾಸ್ತಿಯೇ. ನೋಡುತ್ತಿದ್ದಂತೆ ಬ್ರೇಕಿನ ಏರ್ ಟ್ಯಾಂಕ್ ತುಂಬಿ, ಕಂಪ್ರೆಸರಿನ ಹೊರೆ ಇಳಿಸುವ ಅನ್‌ಲೋಡರ್ ವಾಲ್ವ್ ‘ಪುಸ್’ ಎಂದಿತು. ಅದೇ ಕ್ಷಣ ನೀರು 40ಕ್ಕೆ ಇಳಿಯಿತು. ಬ್ರೇಕ್ ಪೆಡಲ್ ತುಳಿದು ತುಳಿದು ಟ್ಯಾಂಕ್ ಖಾಲಿ ಮಾಡಿಸಿದೆ, ಕಂಪ್ರೆಸರ್ ಮತ್ತೆ ತುಂಬಿಸತೊಡಗಿತು, ನೀರು ಮತ್ತೆ 90. ಅಂದರೆ ಅರ್ಧಕ್ಕಿಂತ ಹೆಚ್ಚು ಒತ್ತಡ ಎಂಜಿನ್ ರಿಂಗಿನದ್ದೇ ಅಲ್ಲ, ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರಿನದ್ದು. ಅದರ ರಿಂಗ್ ಸವೆದರೆ ಗಾಳಿ ಕೆಳಗಿಳಿದು, ಎಣ್ಣೆ ವಾಪಸಾಗುವ ದಾರಿಯಲ್ಲೇ ಕ್ರ್ಯಾಂಕ್‌ಕೇಸಿಗೆ ಬಂದು ಸೇರುತ್ತದೆ. ಟ್ಯಾಂಕಿನ ಕೆಳಗಿನ ಡ್ರೈನ್ ತೆರೆದಾಗ ನೀರಿನ ಜೊತೆ ಒಂದಿಷ್ಟು ಎಣ್ಣೆಯೂ ಬಿತ್ತು. ಇದೂ ಕಂಪ್ರೆಸರ್ ಸವೆತದ ಗುರುತೇ. ಈ ಪರೀಕ್ಷೆಗೆ ಒಂದು ಸ್ಪ್ಯಾನರ್ ಕೂಡ ಬೇಡ. ಬೋರ್ ಮಾಡಿಸಬೇಕೆಂದು ಲೆಕ್ಕದ ಚೀಟಿ ಬರೆದುಕೊಟ್ಟವರು ಇದನ್ನೇಕೆ ನೋಡಲಿಲ್ಲವೋ ತಿಳಿಯದು.

ಕಂಪ್ರೆಸರ್ ಬಿಚ್ಚಿ ರಿಂಗ್ ಬದಲಿಸಿದೆವು, ಎಂಜಿನ್ ಹಿಂಭಾಗಕ್ಕೆ ಹೊಸ ಸೀಲ್, ಹೊಸ ಕ್ಲಚ್ ಪ್ಲೇಟ್ ಹಾಕಿದೆವು. ಉಳಿದ 40 ಮಿಲಿಮೀಟರ್ ಲೋಡ್ ಬಿದ್ದಾಗ ಎಷ್ಟಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಪೈಪ್ ಹಲಗೆಯನ್ನು ಕ್ಯಾಬಿನ್ನಿನೊಳಗೆ ಕಟ್ಟಿಕೊಂಡು, ಕೆಂಪು ಕಲ್ಲು ತುಂಬಿದ ಗಾಡಿಯಲ್ಲಿ ಮಾಕುಟ್ಟದಿಂದ ಪೆರುಂಬಾಡಿಗೆ ಏರಿದೆವು. ಏರಿನಲ್ಲಿ 80ರವರೆಗೆ ಹೋಯಿತು. ಲೋಡಿನಲ್ಲಿ ಮಾತ್ರ ಏರುವ ಒತ್ತಡಕ್ಕೆ ಟರ್ಬೊ ಕೂಡ ಕಾರಣವಾಗಬಹುದು, ಅದರ ಸೀಲ್ ಹೋದರೆ ಬೂಸ್ಟ್ ಗಾಳಿ ಡ್ರೈನ್ ಪೈಪಿನಿಂದ ಎಂಜಿನ್ ತಳದ ಎಣ್ಣೆ ತೊಟ್ಟಿಗೆ ಇಳಿಯುತ್ತದೆ. ಶಾಫ್ಟ್ ಅಲ್ಲಾಡಿಸಿ ನೋಡಿದೆ, ಅತಿಯಾದ ಸಡಿಲ ಇರಲಿಲ್ಲ. ಟರ್ಬೊದಿಂದ ಮುಂದಿನ ಪೈಪಿನಲ್ಲಿ ಎಣ್ಣೆಯೂ ಇರಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಇನ್ನುಳಿದದ್ದು ಸಿಲಿಂಡರ್. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ, ಡೀಸೆಲ್ ಸಿಂಪಡಿಸುವ ನಾಝಲ್‌ಗಳ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಆ ಸಿಲಿಂಡರ್ ಉರಿಯದಂತೆ ಮಾಡಿದೆ. ಬೇರೆ ಯಾವುದನ್ನು ಸಡಿಲಿಸಿದರೂ ನೀರು ಮೊದಲಿನಂತೆ ಮಿಡಿಯುತ್ತಲೇ ಇತ್ತು. ಐದನೆಯದನ್ನು ಸಡಿಲಿಸಿದಾಗ ಮಿಡಿತ ನಿಂತಿತು. ಇದು ಹಳೆಯ ಪಂಪಿನ ಎಂಜಿನ್‌ಗಳಿಗೆ ಮಾತ್ರ ಹೇಳಿದ ಮಾತು. ಎಲ್ಲ ನಾಝಲ್‌ಗಳಿಗೂ ಅತಿ ಒತ್ತಡದ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಗಾಡಿಯ ಪೈಪನ್ನು ಓಡುವಾಗ ಮುಟ್ಟಲೇಬೇಡಿ. ಅಲ್ಲಿ 1,000 ಬಾರ್ ದಾಟುವ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ.

ಗೇಜ್ ಕಟ್ಟಿ ನೋಡಿದರೆ ಉಳಿದ ಐದರಲ್ಲಿ ಕಂಪ್ರೆಷನ್ 26–27 ಬಾರ್, ಐದನೆಯದರಲ್ಲಿ 21. ಕೆಲವರು ಇಲ್ಲಿ ಸಿಲಿಂಡರಿಗೆ ಎಣ್ಣೆ ಸುರಿದು ಮತ್ತೆ ಅಳೆಯುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಬಹಳ ಕಡಿಮೆ, ಎಣ್ಣೆ ಹೆಚ್ಚಾದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಾನು ಗಾಳಿಯನ್ನೇ ಬಿಡುತ್ತೇನೆ. ಐದನೆಯ ಪಿಸ್ಟನ್ನನ್ನು ಕಂಪ್ರೆಷನ್ನಿನ ಮೇಲ್ತುದಿಗೆ ತಂದು, ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ನಾಝಲ್ ತೂತಿನಿಂದ 6 ಬಾರ್ ಗಾಳಿ ಕೊಟ್ಟೆವು. ಸೈಲೆನ್ಸರ್ ಕಡೆ ಸದ್ದಿಲ್ಲ, ಏರ್ ಫಿಲ್ಟರ್ ಕಡೆ ಸದ್ದಿಲ್ಲ, ರೇಡಿಯೇಟರಿನಲ್ಲಿ ಗುಳ್ಳೆಯಿಲ್ಲ. ಆಯಿಲ್ ಕ್ಯಾಪಿನ ಬಾಯಿಗೆ ಕಿವಿಯಿಟ್ಟರೆ ಸುಯ್ಯೆಂಬ ಸದ್ದು. ವಾಲ್ವ್ ಅಲ್ಲ, ಗ್ಯಾಸ್ಕೆಟ್ ಅಲ್ಲ, ರಿಂಗೇ.

ಕೊಯ್ಲಿನ ನಡುವೆ ಲಾರಿ ನಿಲ್ಲಿಸಿದರೆ ಅವರ ವರ್ಷದ ದುಡಿಮೆಯೇ ಹೋಗುತ್ತದೆ. ಸೋರಿಕೆ ನಿಂತಿತ್ತು, ಎಣ್ಣೆ ಅತಿಯಾಗಿ ತಿನ್ನುತ್ತಿರಲಿಲ್ಲ. ‘ಮಳೆ ಹಿಡಿಯಲಿ, ಆಮೇಲೆ ಬಿಚ್ಚೋಣ’ ಎಂದೆ. ದಿನಾ ಡಿಪ್‌ಸ್ಟಿಕ್ ನೋಡಬೇಕು, ಎಣ್ಣೆ ಬೇಗ ಇಳಿಯತೊಡಗಿದರೆ ಕಾಯದೆ ಬರಬೇಕು ಎಂದು ಹೇಳಿ ಕಳಿಸಿದೆ.

ಜೂನ್‌ನಲ್ಲಿ ಹೆಡ್ ತೆಗೆದಾಗ ಐದನೆಯ ಪಿಸ್ಟನ್ನಿನ ಮೇಲಿನ ರಿಂಗ್ ಕಾರ್ಬನ್ ಕಟ್ಟಿ ತನ್ನ ತೋಡಿನಲ್ಲೇ ಅಂಟಿಕೊಂಡಿತ್ತು. ಅದರ ನಾಝಲ್ ಪರೀಕ್ಷೆಯಲ್ಲಿ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿತ್ತು. ಆದರೆ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಪಿಸ್ಟನ್ ಓಡಾಡುವ ಒಳಗೊಳವೆಗಳಾದ ಲೈನರ್‌ಗಳು. ಆರರಲ್ಲೂ ಉದ್ದುದ್ದ ಗೀರು, ಮೇಲ್ತುದಿಯಲ್ಲಿ ಉಗುರಿಗೆ ತಡೆಯುವ ಏಣು. ರಿಂಗಿನ ಎರಡು ತುದಿಗಳ ನಡುವಿನ ಬಾಯಿ ಅರ್ಧ ಮಿಲಿಮೀಟರ್ ಒಳಗಿರಬೇಕಾದದ್ದು ಒಂದನ್ನು ದಾಟಿತ್ತು. ಇಂಥ ಸವೆತ ಕಂಡರೆ ನಾನು ಮೊದಲು ಅನುಮಾನಿಸುವುದು ಧೂಳನ್ನು. ಜನವರಿಯಿಂದ ಮಾರ್ಚ್‌ವರೆಗೆ, ರೋಬಸ್ಟಾ ಕೊಯ್ಲಿನ ಹೊತ್ತಿಗೆ, ತೋಟದ ಮಣ್ಣುರಸ್ತೆಗಳಲ್ಲಿ ಮುಂದಿನ ಗಾಡಿ ಕಾಣದಷ್ಟು ಕೆಂಧೂಳು ಏಳುತ್ತದೆ. ಫಿಲ್ಟರ್ ಹೊಸದೇ ಇತ್ತು. ಫಿಲ್ಟರಿನಿಂದ ಟರ್ಬೊಗೆ ಹೋಗುವ ರಬ್ಬರ್ ಬೆಂಡನ್ನು ಬಿಚ್ಚಿ ಬಗ್ಗಿಸಿದಾಗ ಕ್ಲಿಪ್ಪಿನ ಅಡಿಯಲ್ಲಿ ಸೀಳು ಬಾಯಿ ಬಿಟ್ಟಿತು. ಒಳಗೆ ಬೆರಳಾಡಿಸಿದೆ, ಕೆಂಪು ಹುಡಿ ಅಂಟಿತು.

ಲೈನರ್, ಪಿಸ್ಟನ್, ರಿಂಗ್, ಆರೂ ನಾಝಲ್‌ಗಳ ಕೆಲಸ, ಹೊಸ ರಬ್ಬರ್ ಬೆಂಡ್. ಹೊಸ ರಿಂಗ್ ಹಾಕಿದ ಎಂಜಿನ್ನನ್ನು ‘ಕೂರಲಿ’ ಎಂದು ಗಂಟೆಗಟ್ಟಲೆ ನ್ಯೂಟ್ರಲ್‌ನಲ್ಲಿ ಓಡಿಸುವ ಅಭ್ಯಾಸ ನಮ್ಮ ಕಡೆ ಇದೆ, ಅದು ಬೇಡ. ಹಾಗೆ ಮಾಡಿದರೆ ಲೈನರ್ ಗಾಜಿನಂತೆ ನುಣುಪಾಗಿ ರಿಂಗ್ ಕೂರುವುದೇ ಇಲ್ಲ. ಹದವಾದ ಲೋಡ್ ಹಾಕಿ ರಸ್ತೆಗಿಳಿಸಲು ಹೇಳಿದೆ. ಕೆಲವು ವಾರ ಓಡಿದ ಮೇಲೆ ಅದೇ ಹಲಗೆ ಕಟ್ಟಿ ಅದೇ ಪೆರುಂಬಾಡಿ ಏರಿನಲ್ಲಿ ನೋಡಿದೆವು, ನೀರಿನ ವ್ಯತ್ಯಾಸ 25 ದಾಟಲಿಲ್ಲ. ಕ್ಯಾಪ್ ತೆಗೆದರೆ ಈಗಲೂ ತೆಳ್ಳಗೆ ಹೊಗೆ ಕಾಣುತ್ತದೆ.