ಬಿಲ್‌ನಲ್ಲಿ ಕಂಡ ಊರಿಗೆ ಬ್ಯಾಗು ಹೊತ್ತು ಹೋಗುವುದು

ಮೊದಲೇ ಹೇಳಿಬಿಡುತ್ತೇನೆ, ನನಗೆ ವ್ಯೂಪಾಯಿಂಟ್ ಅಂದ್ರೆ ಆಗಿಬರುವುದಿಲ್ಲ. ಬೆಳಗಿನ ಜಾವ ಎದ್ದು, ಚಳಿಯಲ್ಲಿ ನಡುಗುತ್ತಾ ಗುಡ್ಡ ಹತ್ತಿ, ಮುಂದಿರುವವರ ಮೊಬೈಲುಗಳ ಸಂದಿಯಲ್ಲಿ ಸೂರ್ಯ ಹುಟ್ಟುವುದನ್ನು ನೋಡಬೇಕು. ಮುಳ್ಳಯ್ಯನಗಿರಿಗೆ ಒಂದು ಭಾನುವಾರ ಹೋಗಿದ್ದೆ. 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ, ಎಲ್ಲಾ ಸರಿ. ಅರ್ಧ ದಿನ ಕಾರುಗಳ ಸಾಲಿನಲ್ಲೇ ಕಳೆಯಿತು. ಕುಮಾರ ಪರ್ವತದಲ್ಲಿ 2024ರ ಜನವರಿಯಲ್ಲಿ ಸೇರಿದ್ದ ಜನಜಾತ್ರೆಯ ಫೋಟೊ ನೀವೂ ನೋಡಿರುತ್ತೀರಿ. ಆಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿತು. ಒಳ್ಳೇದೇ ಆಯ್ತು. ಬೆಟ್ಟದ ಮೇಲೆ ನನಗೇನೂ ಸಿಟ್ಟಿಲ್ಲ. ಅಲ್ಲಿ ಟೀ ಮಾರುವವರನ್ನು ಬಿಟ್ಟರೆ ಯಾರೂ ಕೆಲಸ ಮಾಡುತ್ತಿರುವುದಿಲ್ಲ, ಅದೇ ನನ್ನ ತಕರಾರು.

ನನಗೆ ಬೇರೆಯವರು ಕೆಲಸ ಮಾಡುವುದನ್ನು ನೋಡುವ ಚಟ. ಅದಕ್ಕೇ ಬ್ಯಾಗು ಹೊರುವುದು.

ನಾನು ಬೆಂಗಳೂರಿನಲ್ಲಿ ಲೆಕ್ಕ ಬರೆಯುವವನು. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಅಂದ್ರೆ ಅಂಗಡಿಗಳ ಜಿಎಸ್‌ಟಿ ರಿಟರ್ನ್‌ಗಳನ್ನು ಸಲ್ಲಿಸಬೇಕು. ಅಲ್ಲಿಯವರೆಗೆ ಮನೆಯವರ ಫೋನನ್ನೂ ಎತ್ತುವುದಿಲ್ಲ. ಜುಲೈನಲ್ಲಿ ಆದಾಯ ತೆರಿಗೆ, ಸೆಪ್ಟೆಂಬರ್‌ನಲ್ಲಿ ಆಡಿಟ್. ಹಾಗಾಗಿ ನನ್ನ ತಿರುಗಾಟವೆಲ್ಲ ಅಕ್ಟೋಬರ್‌ನಿಂದ ಫೆಬ್ರವರಿಯೊಳಗೆ, ಅದೂ ತಿಂಗಳ ಕೊನೆಯ ವಾರ. ಬಯಲುಸೀಮೆಗೆ ಹೋಗಲು ಇದಕ್ಕಿಂತ ಒಳ್ಳೆ ಕಾಲವೂ ಇಲ್ಲ ಬಿಡಿ. ಮಾರ್ಚ್ ದಾಟಿದರೆ ಬಾಗಲಕೋಟೆ ಕಡೆ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ.

ನಾನು ಲೆಕ್ಕ ಬರೆದುಕೊಡುವ ಅಂಗಡಿಗಳಲ್ಲಿ ಸೀರೆ ಅಂಗಡಿ ಒಂದಿದೆ. ಅವರ ಖರೀದಿ ಬಿಲ್‌ಗಳಲ್ಲಿ ಇಳಕಲ್, ಗುಳೇದಗುಡ್ಡ, ಮೊಳಕಾಲ್ಮೂರು ಅಂತ ಊರುಗಳ ಹೆಸರು. ಎಲ್ಲಾ ಜಿಎಸ್‌ಟಿ ನಂಬರ್‌ಗಳೂ 29ರಿಂದ ಶುರು, ಅಂದ್ರೆ ನಮ್ಮದೇ ರಾಜ್ಯ. ವರ್ಷಗಟ್ಟಲೆ ಆ ಹೆಸರು ಟೈಪ್ ಮಾಡಿದ್ದೇನೆ, ಒಂದು ಊರನ್ನೂ ಕಂಡಿರಲಿಲ್ಲ. ಬ್ಯಾಂಕಾಕ್‌ಗೆ ಹೋಗಿ ಬಂದ ಗೆಳೆಯರಿದ್ದಾರೆ, ಇಳಕಲ್‌ಗೆ ಹೋದವರು ಯಾರೂ ಇಲ್ಲ. ಸರಿ, ನಾನೇ ಹೊರಟೆ.

ಬಾದಾಮಿಯಿಂದ ಶುರು ಮಾಡಿದೆ, ರೈಲು ಇದೆ ಅನ್ನುವ ಕಾರಣಕ್ಕೆ. ಗುಹೆಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ನಾನು ಹೇಳುವುದಿಲ್ಲ. ಮೂರನೇ ಗುಹೆಯ ಹತ್ತಿರ ಚಾಲುಕ್ಯ ದೊರೆ ಮಂಗಳೇಶನ ಕಾಲದ ಒಂದು ಕನ್ನಡ ಶಾಸನ ಇದೆ, ಆರನೇ ಶತಮಾನದ್ದು. ಅದರ ಮುಂದೆ ಮಾತ್ರ ಬಹಳ ಹೊತ್ತು ನಿಂತಿದ್ದೆ. ಗುಡಿಗೆ ಒಂದು ಊರನ್ನು ಬಿಟ್ಟುಕೊಟ್ಟಿದ್ದು, ದೇವರಿಗೆ ಹೂವಿನ ಮಾಲೆ ಕಟ್ಟುವವರಿಗೆ ಅರ್ಧ ವೀಸ (ಹಳೇ ಕಾಲದ ಒಂದು ಸಣ್ಣ ಪಾಲು) ಕೊಟ್ಟಿದ್ದು, ಅದನ್ನು ಕೆಡಿಸಿದವನಿಗೆ ಮಹಾಪಾತಕ. ಅರ್ಧ ವೀಸಕ್ಕೂ ಬಂಡೆಯ ಮೇಲೆ ಎಂಟ್ರಿ! ನಮ್ಮ ಕಕ್ಷಿದಾರರು ಲಕ್ಷದ ಬಿಲ್ಲನ್ನೇ ಜೇಬಿನಲ್ಲಿಟ್ಟು ಪ್ಯಾಂಟು ಒಗೆಯಲು ಹಾಕುತ್ತಾರೆ.

ಬಾದಾಮಿಯಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಬನಶಂಕರಿ ಗುಡಿಯ ಹತ್ತಿರದ ಊಟ. ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ ಕಟ್ಟಿಕೊಂಡು ಬಂದು ಕೂತಿರುತ್ತಾರೆ. "ಬರ್ರೀ ಅಣ್ಣಾರ, ಉಣ್ಣಬರ್ರಿ" ಅಂತ ಕರೆಯುತ್ತಾರೆ. ಖಡಕ್ ಜೋಳದ ರೊಟ್ಟಿ, ಕಾಳು ಪಲ್ಯ, ಕೆಂಪು ಖಾರ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನೆಲದ ಮೇಲೆ ಕೂತು ತಿನ್ನಬೇಕು. ರೊಟ್ಟಿ ಮುರಿಯುವ ಸದ್ದು ಪಕ್ಕದವರಿಗೂ ಕೇಳುತ್ತದೆ. ನನಗೆ ಬಡಿಸಿದ ಅಮ್ಮ ಬೆಳಗ್ಗೆ ನಾಲ್ಕಕ್ಕೆ ಎದ್ದು ರೊಟ್ಟಿ ತಟ್ಟುತ್ತಾರಂತೆ. ಮಧ್ಯಾಹ್ನ ಮೂರರೊಳಗೆ ಬುಟ್ಟಿ ಖಾಲಿಯಾಗದಿದ್ದರೆ ಏನು ಮಾಡ್ತೀರಿ ಅಂದೆ. "ಒಣಗಿದ್ರ ಕೆಡಂಗಿಲ್ರಿ, ಅದಕ್ಕ ಕಡಕ್ ಮಾಡೋದು" ಅಂದರು. ಉಳಿದ ಸರಕಿನ ಲೆಕ್ಕಕ್ಕೆ ಇಷ್ಟು ಸಲೀಸಾದ ಉತ್ತರ ನನಗೆ ಯಾವ ಅಂಗಡಿಯಲ್ಲೂ ಸಿಕ್ಕಿಲ್ಲ.

ಅಲ್ಲಿಂದ ಗುಳೇದಗುಡ್ಡ, ಅಮೀನಗಡ, ಹುನಗುಂದ, ಇಳಕಲ್. ಎಲ್ಲಾ ಸಣ್ಣ ಸಣ್ಣ ಓಟದ ಬಸ್ಸುಗಳು. ಗುಳೇದಗುಡ್ಡದಲ್ಲಿ ಖಣ ನೇಯುತ್ತಾರೆ, ಇಳಕಲ್ ಸೀರೆಗೆ ಜೊತೆಯಾಗುವ ಕುಪ್ಪಸದ ಬಟ್ಟೆ. ಅಮೀನಗಡದಲ್ಲಿ ಇಳಿದಿದ್ದು ಕರದಂಟಿಗೆ. ಸುಮ್ನೆ ಕಾಲು ಕೆಜಿ ಅಂತ ಹೋಗಿ ಒಂದು ಕೆಜಿ ಹೊತ್ತುಕೊಂಡು ಬಂದೆ.

ಇಳಕಲ್‌ನಲ್ಲಿ ಮಗ್ಗ ನೋಡಲು ಯಾರ ಶಿಫಾರಸೂ ಬೇಕಿಲ್ಲ. ನೇಕಾರರ ಓಣಿಯಲ್ಲಿ ನಡೆದರೆ ಸದ್ದೇ ಕರೆದುಕೊಂಡು ಹೋಗುತ್ತದೆ. ವಿದ್ಯುತ್ ಮಗ್ಗದ ಗದ್ದಲ ಜಾಸ್ತಿ, ಕೈಮಗ್ಗ ಹುಡುಕಲು ಸ್ವಲ್ಪ ಒಳಗೆ ಹೋಗಬೇಕು. ಒಂದು ಮನೆಯ ಬಾಗಿಲಲ್ಲಿ ನಿಂತು ಒಳಗೆ ಬರಬಹುದಾ ಅಂದೆ. ಅಜ್ಜ ಒಬ್ಬರು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. "ಬರ್ರಿ, ಬಗ್ಗಿ ಬರ್ರಿ, ತಲಿ ಬಡೀತೈತಿ."

ಇಳಕಲ್ ಸೀರೆಯ ಗುಟ್ಟು ಸೆರಗಿನಲ್ಲಿದೆ. ಮೈ ಹತ್ತಿಯದಾಗಿರಬಹುದು, ಸೆರಗು ಮಾತ್ರ ಕೆಂಪು ರೇಷ್ಮೆ. ಎರಡಕ್ಕೂ ಬೇರೆ ಬೇರೆ ಹಾಸು, ಅಂದ್ರೆ ಮಗ್ಗದ ಉದ್ದಕ್ಕೆ ಹಾಯುವ ಎಳೆಗಳು. ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸಬೇಕು, ಒಂದೊಂದೇ ಎಳೆ. ಅಜ್ಜಿ ಮೂಲೆಯಲ್ಲಿ ರಾಟಿಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಕೊಂಡಿ ಹಾಕುವುದು ಯಾರು ಅಂದೆ. ಬಲಗೈ ಬೆರಳು ತೋರಿಸಿದರು. ಹೆಬ್ಬೆರಳು, ತೋರುಬೆರಳ ತುದಿಯಲ್ಲಿ ಗೆರೆಯೇ ಇಲ್ಲ, ನುಣ್ಣಗೆ ಹೊಳೆಯುತ್ತಿತ್ತು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಷಿನ್ ತಗೊಳ್ಳಂಗಿಲ್ಲ ಅಂತ ನಕ್ಕರು.

ನನ್ನ ಕೆಲಸ ಏನು ಅಂತ ತಿಳಿದ ಮೇಲೆ ಅಜ್ಜ ಮಗ್ಗದಿಂದ ಎದ್ದರು. ಗೂಡಿನಿಂದ ಒಂದು ನೋಟ್‌ಬುಕ್ ತೆಗೆದರು. ನೂಲು ಕೊಡುವ ಮಾಲೀಕರ ಹತ್ತಿರ ತಗೊಂಡ ಮುಂಗಡ, ಸೀರೆ ಕೊಟ್ಟಾಗ ಮುರಿದುಕೊಂಡ ಕೂಲಿ, ಎರಡೂ ಒಂದೇ ಪುಟದಲ್ಲಿ, ಒಂದೇ ಸಾಲಿನಲ್ಲಿ. "ಇದು ಮುಗೀತೈತೇನ್ರಿ ನೋಡಿ ಹೇಳ್ರಿ." ಹೊಸ ಪುಟದಲ್ಲಿ ಎರಡು ಕಾಲಂ ಗೆರೆ ಎಳೆದು, ಹಿಂದಿನದ್ದೆಲ್ಲ ಕೂಡಿ ಕಳೆದು ಬರೆದುಕೊಟ್ಟೆ. ಅವರು ಅಂದುಕೊಂಡಿದ್ದಕ್ಕಿಂತ ಬಾಕಿ ಕಡಿಮೆ ಇತ್ತು, ಆದರೆ ಮುಗಿದಿರಲಿಲ್ಲ. ಅಜ್ಜಿ ಚಹಾ ಕೊಟ್ಟರು. ಊರು ನೋಡಲು ಬಂದವನು ಅಲ್ಲೂ ಲೆಕ್ಕ ಬರೆದೆ ಅಂತ ಮನೆಯಲ್ಲಿ ನಗುತ್ತಾರೆ. ನಗಲಿ. ನನಗೆ ಅವತ್ತಿನ ಸಂಜೆಯಷ್ಟು ಹಿತವಾದ ಸಂಜೆ ಯಾವ ಸಮುದ್ರದ ದಂಡೆಯಲ್ಲೂ ಸಿಕ್ಕಿಲ್ಲ.

ಇನ್ನು ಬ್ಯಾಗಿನ ವಿಷಯ. ಅಂಗಡಿಯವರು 60 ಲೀಟರಿನದ್ದು ತೋರಿಸುತ್ತಾರೆ, ಬೇಡ. ನಮ್ಮ ಬಸ್ಸಿನ ಮೇಲಿನ ಕ್ಯಾರಿಯರ್‌ನಲ್ಲಿ ಅದು ಕೂರುವುದಿಲ್ಲ, ಕಾಲ ಹತ್ತಿರ ಇಟ್ಟರೆ ಪಕ್ಕದವರ ಶಾಪ. 35 ಲೀಟರ್ ಸಾಕು, ತುಂಬಿಸಿದ ಮೇಲೆ ಏಳು ಕೆಜಿ ದಾಟಬಾರದು. ಎರಡು ಜೊತೆ ಬಟ್ಟೆ, ಬಟ್ಟೆ ಒಣಗಿಸಲು ತೆಳು ಹಗ್ಗ, ಒಂದು ಬೀಗ, ಟಾರ್ಚು, ಓಆರ್‌ಎಸ್ ಪೊಟ್ಟಣ. ಇದಕ್ಕೆಲ್ಲ ಮೇಲೆ ಒಂದು ಹಳೇ ಲುಂಗಿ. ಹೊದೆಯಲು, ಒರೆಸಲು, ಲಾಡ್ಜಿನ ದಿಂಬಿನ ಮೇಲೆ ಹಾಸಲು, ಕಿಟಕಿಗೆ ಪರದೆ ಮಾಡಲು, ಕರದಂಟು ಕಟ್ಟಲು, ಎಲ್ಲಕ್ಕೂ ಆಗುತ್ತದೆ. ಬೇಗ ಒಣಗುವ ಟವಲ್ ಅಂತ ದುಬಾರಿ ದುಡ್ಡಿಗೆ ಮಾರುತ್ತಾರಲ್ಲ, ಅದು ಯಾಕೆ ಬೇಕೋ ನನಗೆ ಇನ್ನೂ ಗೊತ್ತಾಗಿಲ್ಲ.

ಬಸ್ಸಿನಲ್ಲಿ ಹಿಂದಿನ ಗಾಲಿಗಿಂತ ಮುಂದೆ ಕೂರಿ. ಅದರ ಹಿಂದೆ ಕೂತರೆ ರಸ್ತೆಯ ಪ್ರತಿ ಉಬ್ಬಿಗೂ ನಡು ನೋಯುತ್ತದೆ. ಬಸ್ಸಿನ ಟೈಮಿಗೆ ಮೊಬೈಲ್ ನಂಬುವುದಕ್ಕಿಂತ ನಿಲ್ದಾಣದ ಕಂಟ್ರೋಲರ್ ಹತ್ತಿರ ಹೋಗುವುದು ಮೇಲು. "ಇಳಕಲ್‌ಗೆ ಬಸ್ ಎಷ್ಟು ಗಂಟೆಗೆ" ಅನ್ನಬೇಡಿ. "ಇಳಕಲ್‌ಗೆ ಯಾವ ಕಡೆಯಿಂದ ಹೋದರೆ ಬೇಗ" ಅನ್ನಿ. ಅವರಿಗೆ ತಮ್ಮ ಜಾಣತನ ತೋರಿಸಲು ಅವಕಾಶ ಸಿಕ್ಕರೆ ದಾರಿ ತಾನಾಗೇ ತೆರೆಯುತ್ತದೆ.

ಲಾಡ್ಜುಗಳದ್ದು ಬೇರೆಯೇ ಪುರಾಣ. ಸಣ್ಣ ಊರುಗಳಲ್ಲಿ 24 ಗಂಟೆ ಚೆಕ್‌ಔಟ್ ಅನ್ನುವ ಪದ್ಧತಿ ಇನ್ನೂ ಇದೆ, ಅದು ನನಗೆ ಬಹಳ ಇಷ್ಟ. ಸಂಜೆ ಐದಕ್ಕೆ ಬಂದರೆ ಮರುದಿನ ಸಂಜೆ ಐದರವರೆಗೆ ರೂಮು ನಿಮ್ಮದು. ಬೆಳಗ್ಗೆ ಬರುವವರಿಗಿಂತ ಸಂಜೆ ಬರುವವರಿಗೆ ಲಾಭ, ಮಧ್ಯಾಹ್ನದ ಬಿಸಿಲಲ್ಲಿ ಬಂದು ಮಲಗಬಹುದು. ದುಡ್ಡು ಕೊಡುವ ಮೊದಲು ರೂಮಿನ ನಲ್ಲಿ ತಿರುಗಿಸಿ ನೋಡಿ, ಬಿಸಿನೀರು ಎಷ್ಟರಿಂದ ಎಷ್ಟರವರೆಗೆ ಅಂತ ಕೇಳಿ.

ಇಷ್ಟ ಆಗದ್ದು ಒಂದೇ. ಒಬ್ಬನೇ ಗಂಡಸು ಅಂತ ರೂಮು ಕೊಡದೆ ಕಳಿಸುವುದು. ಒಂದು ತಾಲ್ಲೂಕು ಊರಿನಲ್ಲಿ ರಾತ್ರಿ ಒಂಬತ್ತಕ್ಕೆ ಲಾಡ್ಜಿನ ಮ್ಯಾನೇಜರ್ ನನ್ನ ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದರು. "ಒಬ್ಬರೇ ಯಾಕ ಬಂದೀರಿ? ಮನ್ಯಾಗ ಏನರ ಆಗೇತೇನ್ರಿ?" ಏನೂ ಆಗಿಲ್ಲ, ಊರು ನೋಡಲು ಬಂದೆ ಅಂದೆ. "ಈ ಊರಾಗ ನೋಡಾಕ ಏನೈತ್ರಿ?" ಈ ಪ್ರಶ್ನೆಗೆ ಉತ್ತರ ಕೊಟ್ಟಷ್ಟೂ ಅನುಮಾನ ಜಾಸ್ತಿ ಆಗುತ್ತದೆ. ಹಿಂದೆ ಯಾರೋ ಒಬ್ಬಂಟಿ ಬಂದು ಅನಾಹುತ ಮಾಡಿಕೊಂಡಿದ್ದಾರೆ, ಪೊಲೀಸು ಕಚೇರಿ ಅಂತ ಇವರು ಅಲೆದಿದ್ದಾರೆ. ಅವರ ಭಯ ನನಗೆ ಅರ್ಥ ಆಗುತ್ತದೆ, ಆದರೂ ರಾತ್ರಿ ಒಂಬತ್ತಕ್ಕೆ ಬೇರೆಯವರ ಭಯ ಹೊತ್ತುಕೊಂಡು ಬೀದಿಯಲ್ಲಿ ನಿಲ್ಲಬೇಕಾದವನು ನಾನು. ಈಗ ಮನೆಗೆ ಫೋನ್ ಹಚ್ಚಿ ಕೌಂಟರ್‌ನಲ್ಲೇ ಹೆಂಡತಿಯ ಕೈಲಿ ಮಾತಾಡಿಸಿಬಿಡುತ್ತೇನೆ. ಅವಳು "ಹೌದು ಸಾರ್, ಅವರು ಹಾಗೇ" ಅಂದರೆ ಬೀಗದ ಕೈ ಬರುತ್ತದೆ.

ತಿರುಗಾಡಿದರೆ ನಮ್ಮನ್ನು ನಾವು ಕಂಡುಕೊಳ್ಳುತ್ತೇವೆ ಅಂತ ಹೇಳುವವರಿದ್ದಾರೆ. ನಾನಂತೂ ಹೋದ ಹಾಗೇ ವಾಪಸ್ ಬರುತ್ತೇನೆ. ಅದೇ ಸಿಡುಕು, ಅದೇ ಹೊಟ್ಟೆಬಾಕತನ. ಬದಲಾಗಿದ್ದು ಅಂದ್ರೆ, ಈಗ ಬಿಲ್‌ನಲ್ಲಿ ಇಳಕಲ್ ಅಂತ ಕಂಡರೆ ಮೊತ್ತ ನೋಡುವ ಮೊದಲು ಸೀರೆ ಎಷ್ಟು ಅಂತ ನೋಡುತ್ತೇನೆ. ಒಂದು ಸೀರೆಗೆ ಎಷ್ಟು ಬಿತ್ತು ಅಂತ ಭಾಗಿಸುತ್ತೇನೆ. ಅಂಗಡಿಯ ಬೆಲೆ ಚೀಟಿಯೂ ನನಗೆ ಗೊತ್ತಿರುತ್ತದಲ್ಲ, ಅಲ್ಲಿಗೆ ಬಾಯಿ ಮುಚ್ಚಿಕೊಳ್ಳುತ್ತೇನೆ, ಅದು ನನ್ನ ಹೊಟ್ಟೆಪಾಡು.

ಹೆಂಡತಿ ಒಮ್ಮೆ ಜೊತೆಗೆ ಬಂದಳು, ಗುಳೇದಗುಡ್ಡಕ್ಕೆ. ಖಣ ಕೊಂಡಾದ ಮೇಲೆ ಅವಳ ಮಟ್ಟಿಗೆ ಊರು ಮುಗಿಯಿತು. ನಾನು ಇನ್ನೂ ಎರಡು ಓಣಿ ಬಾಕಿ ಇದೆ ಅಂದೆ. ಅವತ್ತೇ ಒಪ್ಪಂದ ಆಯಿತು, ನೀನು ನಿನ್ನ ದಾರಿ, ನಾನು ನನ್ನ ದಾರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಿತಲ್ಲ, ಆಮೇಲೆ ಅವಳು, ಅವಳ ಅಕ್ಕ, ಪಕ್ಕದ ಮನೆಯವರು ಸೇರಿ ನನಗಿಂತ ಜಾಸ್ತಿ ಊರು ಸುತ್ತಿದ್ದಾರೆ. ಹೊರನಾಡು, ಧರ್ಮಸ್ಥಳ, ಶಿರಸಿ. ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಎರಡಕ್ಕೂ ಅವರಿಗೆ ಶೂನ್ಯ ಟಿಕೆಟ್. ಸೀಟು ಹಿಡಿಯುವುದು, ಊಟದ ಬುತ್ತಿ, ಯಾವ ಛತ್ರದಲ್ಲಿ ರೂಮು ಚೆನ್ನಾಗಿದೆ, ಎಲ್ಲಾ ಅವರಿಗೆ ಬಾಯಿಪಾಠ. ಮೊನ್ನೆ ನಾನು ಮೊಳಕಾಲ್ಮೂರಿಗೆ ಹೊರಡಲು ಬ್ಯಾಗು ತುಂಬುತ್ತಿದ್ದೆ. ನನ್ನ ಖರ್ಚಿನ ಅಂದಾಜು ಪಟ್ಟಿ ತೆಗೆದು ನೋಡಿದಳು. "ಬಸ್ ಚಾರ್ಜೇ ಇಷ್ಟಾಗುತ್ತಾ?" ಅಂದು, ಪಟ್ಟಿಯ ಕೆಳಗೆ ಒಂದು ಸಾಲು ಸೇರಿಸಿದಳು: ಸೀರೆ ಒಂದು, ಅಕ್ಕನಿಗೆ ಇನ್ನೊಂದು.